ಕಾಲರೇಖೆಯಲ್ಲಿ ಗೆರೆ ಎಲ್ಲಿ ಎಳೆಯಲಿ? ಗಾಥಿಕ್‌ನಿಂದ ಕ್ಯೂಬಿಸಂವರೆಗೆ

ಬಣ್ಣದ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಪಾಶ್ಚಾತ್ಯ ಕಲೆಯ ಕಾಲರೇಖೆಯೊಂದನ್ನು ಗೋಡೆಗೆ ಅಂಟಿಸಬೇಕೆಂದು ಖಾಕಿ ಹಾಳೆಗಳನ್ನು ಜೋಡಿಸಿ ಹನ್ನೆರಡು ಅಡಿ ಉದ್ದ ಮಾಡಿಕೊಂಡಿದ್ದೇನೆ. ಗಾಥಿಕ್, ರೆನೆಸಾನ್ಸ್, ಮ್ಯಾನರಿಸಂ, ಬರೋಕ್, ರೊಕೊಕೊ, ನಿಯೋಕ್ಲಾಸಿಸಂ, ರೊಮ್ಯಾಂಟಿಸಿಸಂ, ರಿಯಲಿಸಂ, ಇಂಪ್ರೆಷನಿಸಂ, ಕೊನೆಗೆ ಕ್ಯೂಬಿಸಂ. ಹೆಸರುಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದೂ ಆಯಿತು. ಗೆರೆ ಎಳೆಯಲು ಕುಳಿತಾಗ ಕೈ ನಿಂತಿತು.

ನನ್ನ ಬಳಿ ಮೂರು ಪುಸ್ತಕಗಳಿವೆ. ಒಂದರ ಪ್ರಕಾರ ರೆನೆಸಾನ್ಸ್ 1520ಕ್ಕೆ ಮುಗಿಯುತ್ತದೆ, ಇನ್ನೊಂದರ ಪ್ರಕಾರ 1527ಕ್ಕೆ, ಮೂರನೆಯದರಲ್ಲಿ 1600ಕ್ಕೆ. ಎಂಬತ್ತು ವರ್ಷವೆಂದರೆ ನನ್ನ ಹಾಳೆಯಲ್ಲಿ ಒಂದೂಕಾಲು ಅಡಿ. ಆ ಒಂದೂಕಾಲು ಅಡಿಯಲ್ಲಿ ನಾನು ಏನು ಅಂಟಿಸಲಿ? ಮಕ್ಕಳು ಮೊದಲು ಕೇಳುವುದೇ "ಯಾವ ಇಸವಿ ಮಿಸ್?" ಎಂದು. ತಿಳಿದವರು ದಾರಿ ತೋರಿಸಿ.

ಕಡತಪ್ರಿಯ

ಮೂರೂ ಸರಿ ಮೇಡಂ, ಅದೇ ತೊಂದರೆ. 1520 ಇಟಲಿಯ ಚಿತ್ರಕಾರ ರಫಾಯೆಲ್ ತೀರಿಕೊಂಡ ವರ್ಷ. ಅವನಿಗೆ ಮೂವತ್ತೇಳೇ ವಯಸ್ಸು. ಅವನೊಂದಿಗೆ ಒಂದು ಹದ ಮುಗಿಯಿತು ಎನ್ನುವವರು ಅಲ್ಲಿ ಗೆರೆ ಎಳೆಯುತ್ತಾರೆ. 1527ರಲ್ಲಿ ಸಂಬಳ ಸಿಗದ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನಿಕರು ರೋಮ್ ನಗರವನ್ನು ಲೂಟಿ ಮಾಡಿದರು, ಅಲ್ಲಿದ್ದ ಚಿತ್ರಕಾರರು ದಿಕ್ಕಾಪಾಲಾದರು. ಕಲೆಯನ್ನು ರಾಜಕೀಯದ ಜೊತೆ ಓದುವವರಿಗೆ ಆ ಗೆರೆ ಇಷ್ಟ. 1600 ಎಂಬುದು ಶತಮಾನದ ಲೆಕ್ಕ, ಪುಸ್ತಕದ ಅಧ್ಯಾಯ ಮುಗಿಸಲು ಅನುಕೂಲ.

ಕೊನೆಯಷ್ಟೇ ಅಲ್ಲ, ಮೊದಲೂ ಹೀಗೆಯೇ. ಜೊತ್ತೊ ಎಂಬಾತ ಪಾದುವದ ಸ್ಕ್ರೊವೆನ್ಯಿ ಪ್ರಾರ್ಥನಾಮಂದಿರದ ಗೋಡೆಗಳನ್ನು ಮುಗಿಸಿದ್ದು 1305ರ ಸುಮಾರಿಗೆ. ಅವನ ಮನುಷ್ಯರು ಅಳುತ್ತಾರೆ, ನಮಗೆ ಬೆನ್ನು ತೋರಿಸಿ ಕುಳಿತುಕೊಳ್ಳುತ್ತಾರೆ, ನೆಲದ ಮೇಲೆ ಭಾರ ಬಿಡುತ್ತಾರೆ. ರೆನೆಸಾನ್ಸ್ ಅಲ್ಲಿಂದಲೇ ಎನ್ನುವವರಿದ್ದಾರೆ. ಇಲ್ಲ, 1401ರಲ್ಲಿ ಫ್ಲಾರೆನ್ಸಿನ ಬ್ಯಾಪ್ಟಿಸ್ಟ್ರಿಯ ಕಂಚಿನ ಬಾಗಿಲಿಗಾಗಿ ನಡೆದ ಸ್ಪರ್ಧೆಯಿಂದ ಎನ್ನುವವರೂ ಇದ್ದಾರೆ. ಸ್ಪರ್ಧೆಯಲ್ಲಿ ಗಿಬೆರ್ತಿ ಗೆದ್ದ. ಸೋತ ಬ್ರುನೆಲ್ಲೆಸ್ಕಿ ಮುಂದೆ ಕಟ್ಟಡಗಳ ಕಡೆ ಹೊರಳಿ ಅದೇ ಊರಿನ ದೊಡ್ಡ ಗುಮ್ಮಟ ಕಟ್ಟಿದ. ಆ ಹೊತ್ತಿಗೆ ಮಿಲಾನಿನಲ್ಲಿ 1386ರಲ್ಲಿ ಆರಂಭವಾಗಿದ್ದ ಅಪ್ಪಟ ಗಾಥಿಕ್ ಕೆಥೆಡ್ರಲ್ ಇನ್ನೂ ಮೇಲೇಳುತ್ತಿತ್ತು. ಒಂದೇ ಇಸವಿ, ಒಂದೇ ಭಾಷೆಯ ನಾಡು, ಎರಡು "ಯುಗ".

ಹಾಗಾಗಿ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಿರಿ. ಆದರೆ ಎಳೆಯಿರಿ. ಗೆರೆಯೇ ಇಲ್ಲದಿದ್ದರೆ ಮಕ್ಕಳಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಬಾಲ್ಕನಿ ಸೀಟು

ಗೆರೆಗಿಂತ ಮೊದಲು ಹೆಸರುಗಳ ಕಡೆ ಸ್ವಲ್ಪ ನೋಡಿ ಮೇಡಂ. ನೀವು ಸ್ಕೆಚ್ ಪೆನ್ನಿನಲ್ಲಿ ಬರೆದಿಟ್ಟ ಹೆಸರುಗಳಲ್ಲಿ ಅರ್ಧದಷ್ಟು ಬೈಗುಳಗಳು. ಹೆಸರಿಟ್ಟವರು ಹೆತ್ತವರಲ್ಲ, ಹೀಯಾಳಿಸಿದವರು.

ಗಾಥಿಕ್ ತೆಗೆದುಕೊಳ್ಳಿ. 1550ರಲ್ಲಿ ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ, ತನಗೆ ಹಿಡಿಸದ ಚೂಪು ಕಮಾನಿನ ಕಟ್ಟಡಗಳನ್ನೆಲ್ಲ ರೋಮನ್ನರನ್ನು ಹಾಳುಗೆಡವಿದ ಗಾಥರ ತಲೆಗೆ ಕಟ್ಟಿದ. ಗಾಥರು ರೋಮ್ ನಗರವನ್ನು ಸೂರೆ ಮಾಡಿದ್ದು 410ರಲ್ಲಿ. ಈ ಶೈಲಿ ಹುಟ್ಟಿದ್ದು ಅದಾದ ಏಳುನೂರು ವರ್ಷಗಳ ಮೇಲೆ, ಪ್ಯಾರಿಸ್ಸಿನ ಪಕ್ಕದ ಸಾಂ ದೆನಿಯಲ್ಲಿ. ಗಾಥರಿಗೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ?

ಬರೋಕ್ ಎಂದರೆ ಅಂಕುಡೊಂಕು ಮುತ್ತು. ಪೋರ್ಚುಗೀಸರ ಮುತ್ತಿನ ವ್ಯಾಪಾರದ ಮಾತು ಅದು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಗುಂಡಗಿಲ್ಲದ, ಅತಿಯಾದ, ಹದ ಮೀರಿದ ಎಂಬ ಅರ್ಥದಲ್ಲಿ ಹದಿನೆಂಟನೆಯ ಶತಮಾನದವರು ಹಿಂದಿನವರನ್ನು ಹಾಗೆ ಕರೆದರು.

ಇಂಪ್ರೆಷನಿಸಂನ ಕಥೆ ಇನ್ನೂ ಸೊಗಸು. 1874ರ ಏಪ್ರಿಲ್ 15ರಂದು, ಪ್ಯಾರಿಸ್ಸಿನಲ್ಲಿ ಛಾಯಾಗ್ರಾಹಕ ನಾದಾರ್ ತೆರವು ಮಾಡಿದ್ದ ಸ್ಟುಡಿಯೋದಲ್ಲಿ ಕೆಲವರು ಸ್ವಂತ ದುಡ್ಡಿನಿಂದ ಪ್ರದರ್ಶನ ಏರ್ಪಡಿಸಿದರು. ಮೊನೆ, ರೆನ್ವಾರ್, ದೆಗಾ, ಪಿಸ್ಸಾರೊ, ಬೆರ್ತ್ ಮೊರಿಸೊ ಎಲ್ಲ ಇದ್ದರು. ಗುಂಪಿಗೆ ಅವರಿಟ್ಟುಕೊಂಡ ಹೆಸರು ಯಾವುದೋ ಸಹಕಾರ ಸಂಘದ ಬೋರ್ಡಿನಂತಿತ್ತು: ಚಿತ್ರಕಾರರು, ಶಿಲ್ಪಿಗಳು, ಮುದ್ರಣಕಲಾವಿದರು ಮುಂತಾದವರ ಅನಾಮಿಕ ಸಂಘ. ಮೊನೆ ಲ ಆವ್ರ್ ಬಂದರಿನ ಮಂಜಿನಲ್ಲಿ ಕಿತ್ತಳೆ ಸೂರ್ಯನೊಂದನ್ನು ಬರೆದು "ಇಂಪ್ರೆಷನ್, ಸೂರ್ಯೋದಯ" ಎಂದು ಚೀಟಿ ಹಚ್ಚಿದ್ದ. ನಗೆಪತ್ರಿಕೆಯ ಲೂಯಿ ಲೆರ್ವಾ ಆ ಒಂದು ಪದವನ್ನು ಹಿಡಿದುಕೊಂಡು ಎಳೆದಾಡಿದ. ಗೋಡೆಗೆ ಹಚ್ಚುವ ಕಾಗದ ತಯಾರಾಗುವ ಮೊದಲೇ ಇದಕ್ಕಿಂತ ಪೂರ್ಣವಾಗಿರುತ್ತದೆ ಎಂಬ ಧಾಟಿಯಲ್ಲಿ ಗೇಲಿ ಮಾಡಿದ. ಮೂರು ವರ್ಷ ಕಳೆದು ತಮ್ಮ ಮೂರನೆಯ ಪ್ರದರ್ಶನದಲ್ಲಿ ಇವರೇ ಆ ಬೈಗುಳವನ್ನು ಬೋರ್ಡಿಗೆ ಹಾಕಿಕೊಂಡರು.

ಲೂಯಿ ವೊಕ್ಸೆಲ್ ಎಂಬ ಇನ್ನೊಬ್ಬ ವಿಮರ್ಶಕನಂತೂ ಎರಡು ಶೈಲಿಗಳಿಗೆ ಪುರೋಹಿತನಾದ. 1905ರಲ್ಲಿ ಮತೀಸ್ ಮತ್ತು ಗೆಳೆಯರ ಬಣ್ಣ ಚೀರುವ ಚಿತ್ರಗಳ ನಡುವೆ ಹಳೆಯ ಶೈಲಿಯ ಶಿಲ್ಪವೊಂದನ್ನು ಕಂಡು "ಕಾಡುಮೃಗಗಳ ನಡುವೆ ದೊನಾತೆಲ್ಲೊ" ಎಂದ. ದೊನಾತೆಲ್ಲೊ ರೆನೆಸಾನ್ಸ್ ಕಾಲದ ಶಿಲ್ಪಿ, ಕಾಡುಮೃಗಕ್ಕೆ ಫ್ರೆಂಚಿನಲ್ಲಿ ಫೋವ್. ಫಾವಿಸಂ ಹುಟ್ಟಿತು. 1908ರಲ್ಲಿ ಬ್ರಾಕ್ ಬರೆದ ಮನೆಗಳನ್ನು ನೋಡಿ ಎಲ್ಲವನ್ನೂ ಘನಾಕೃತಿಗೆ, ಅಂದರೆ ಕ್ಯೂಬಿಗೆ, ಇಳಿಸಿದ್ದಾನೆ ಎಂದ. ಕ್ಯೂಬಿಸಂ ಹುಟ್ಟಿತು.

ಈಗ ಹೇಳಿ, ಈ ಹೆಸರುಗಳ ನಡುವೆ ಗೆರೆ ಎಳೆಯಲು ಸ್ಕೇಲ್ ಹುಡುಕುವುದು ಯಾಕೆ?

ಗಾರೆ ಕೆಲಸ

ನಾನು ಸಿವಿಲ್ ಎಂಜಿನಿಯರ್, ಚಿತ್ರಕಲೆ ನನಗೆ ಅಷ್ಟಕ್ಕಷ್ಟೆ. ಆದರೆ ಗಾಥಿಕ್ ಹೆಸರು ಸುಳ್ಳಾದರೂ ವಸ್ತು ಸುಳ್ಳಲ್ಲ ಎಂದು ಹೇಳಿ ಹೋಗುತ್ತೇನೆ.

ಅರ್ಧವೃತ್ತದ ಕಮಾನು ತನ್ನ ಭಾರವನ್ನು ಪಕ್ಕಕ್ಕೆ ಜೋರಾಗಿ ತಳ್ಳುತ್ತದೆ. ಅದನ್ನು ತಡೆಯಲು ಗೋಡೆ ದಪ್ಪ ಇರಬೇಕು, ದಪ್ಪ ಗೋಡೆಯಲ್ಲಿ ದೊಡ್ಡ ಕಿಟಕಿ ತೆಗೆಯಲಾಗುವುದಿಲ್ಲ, ಒಳಗೆ ಕತ್ತಲೆ. ಕಮಾನನ್ನು ಚೂಪಾಗಿಸಿದರೆ ಭಾರ ಹೆಚ್ಚಾಗಿ ಕೆಳಕ್ಕೆ ಇಳಿಯುತ್ತದೆ. ಉಳಿದ ತಳ್ಳುವಿಕೆಗೆ ಹೊರಗಿನಿಂದ ಅರ್ಧಕಮಾನುಗಳನ್ನು ಆನಿಸಿದರೆ ಆಯಿತು, ಹಳೆಯ ಮನೆಯ ವಾಲಿದ ಗೋಡೆಗೆ ನಾವು ಮರದ ದಿಮ್ಮಿ ಆನಿಸುವ ಹಾಗೆ. ಇದಕ್ಕೆ ಫ್ಲೈಯಿಂಗ್ ಬಟ್ರೆಸ್ ಎನ್ನುತ್ತಾರೆ. ಆಗ ಗೋಡೆಗೆ ಭಾರ ಹೊರುವ ಕೆಲಸ ತಪ್ಪುತ್ತದೆ, ಅಲ್ಲಿ ಬಣ್ಣದ ಗಾಜು ತುಂಬಬಹುದು. 1144ರಲ್ಲಿ ಮಠಾಧಿಪತಿ ಸುಜೆ ಸಾಂ ದೆನಿಯಲ್ಲಿ ಬಯಸಿದ್ದು ಬೆಳಕನ್ನು. ಚೂಪು ಕಮಾನು ಆ ಬೆಳಕಿಗೆ ದಾರಿ.

ಮಿತಿ ಮೀರಿದವರೂ ಇದ್ದರು. ಫ್ರಾನ್ಸಿನ ಬೊವೆ ಎಂಬಲ್ಲಿ ಕೆಥೆಡ್ರಲಿನ ಛಾವಣಿಯನ್ನು 48 ಮೀಟರ್ ಎತ್ತರಕ್ಕೆ ಎತ್ತಿದರು, 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ಬುದ್ಧಿ ಬಂತೇ? ಮುಂದೆ 153 ಮೀಟರಿನ ಗೋಪುರ ಕಟ್ಟಿದರು, 1573ರಲ್ಲಿ ಅದೂ ಬಿತ್ತು.

ಮೈಸೂರಿನ ಸಂತ ಫಿಲೋಮಿನಾ ಚರ್ಚ್ ನೋಡಿದವರಿಗೆ ಆ ಎರಡು ಚೂಪು ಗೋಪುರಗಳು ನೆನಪಿರುತ್ತವೆ. 1933ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಆ ಚರ್ಚಿಗೆ ಮಾದರಿ ಜರ್ಮನಿಯ ಕಲೋನ್ ಕೆಥೆಡ್ರಲ್. ಆ ಕಲೋನ್ ಕಟ್ಟಡ 1248ರಲ್ಲಿ ಶುರುವಾಗಿ, ನಡುವೆ ನಿಂತು, 1880ರಲ್ಲಿ ಮುಗಿಯಿತು. ನಿಂತಿದ್ದ ಶತಮಾನಗಳಲ್ಲಿ ಅರ್ಧ ಕಟ್ಟಿದ ದಕ್ಷಿಣ ಗೋಪುರದ ತಲೆಯ ಮೇಲೆ ಮರದ ಕ್ರೇನೊಂದು ಹಾಗೆಯೇ ಕುಳಿತಿತ್ತು. ಊರಿನ ಗುರುತೇ ಅದಾಗಿತ್ತು. ಮೇಡಂ, ಈ ಕಟ್ಟಡವನ್ನು ನಿಮ್ಮ ಹಾಳೆಯ ಯಾವ ಇಂಚಿನಲ್ಲಿ ಅಂಟಿಸುತ್ತೀರಿ?

ಹೊಸಬ

ಕ್ಷಮಿಸಿ, ಒಂದು ಒರಟು ಪ್ರಶ್ನೆ. ನಮ್ಮ ಹೊಯ್ಸಳ ಶಿಲ್ಪದ ಕಾಲರೇಖೆಯೇ ಮಕ್ಕಳಿಗೆ ಗೊತ್ತಿಲ್ಲ. ಬೊವೆಯಲ್ಲಿ ಗೋಪುರ ಬಿದ್ದರೆ ನಮಗೇನು?

ಬಾಲ್ಕನಿ ಸೀಟು

ಹೊಯ್ಸಳರ ರೇಖೆಯನ್ನೂ ಹಾಕಬೇಕು, ಜಗಳವಿಲ್ಲ. ಆದರೆ ನಿಮ್ಮ ಮನೆಯ ದೇವರ ಕೋಣೆಗೆ ಹೋಗಿ ಲಕ್ಷ್ಮಿಯ ಪಟ ನೋಡಿ. ಕೆನ್ನೆಯ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು, ಸೀರೆಯ ಮಡಿಕೆಯಲ್ಲಿ ಹೊಳಪು, ಹಿಂದೆ ದೂರಕ್ಕೆ ಸರಿಯುವ ಕೊಳ. ಬೇಲೂರಿನ ಯಾವ ಶಿಲ್ಪಿಯೂ ಕಲಿಸಿದ್ದಲ್ಲ ಅದು. ರವಿವರ್ಮ ಯುರೋಪಿನ ಎಣ್ಣೆಬಣ್ಣದ ಪದ್ಧತಿ ಕಲಿತು ಬರೆದ, ಅವನ ಕಲ್ಲಚ್ಚಿನ ಪಟಗಳು ಮನೆಮನೆಗೆ ಬಂದವು. ಮೂಲಚಿತ್ರಗಳಲ್ಲಿ ಕೆಲವು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ನೀವು ದಿನಾ ಕೈಮುಗಿಯುವುದರಲ್ಲಿ ಆ ಕಾಲರೇಖೆಯ ತುಂಡೊಂದು ಇದೆ.

ಸುಣ್ಣದ ಗೋಡೆ

ನಾನು ಗೋಡೆಚಿತ್ರದ ಕೆಲಸ ಮಾಡುವವನು. ಶೈಲಿಯ ಹೆಸರಿಗಿಂತ ಮೊದಲು ಬಣ್ಣ ಯಾವುದರ ಮೇಲೆ ಕುಳಿತಿದೆ ಎಂದು ನೋಡುವುದು ನನ್ನ ಅಭ್ಯಾಸ. ಮಕ್ಕಳಿಗೂ ಅದನ್ನೇ ಮೊದಲು ತೋರಿಸಿ ಎಂದು ನನ್ನ ಕೋರಿಕೆ.

ಫ್ರೆಸ್ಕೊ ಎಂದರೆ ಹಸಿ ಗಾರೆಯ ಮೇಲೆ ಬರೆಯುವುದು. ನೀರಿನಲ್ಲಿ ಕಲಸಿದ ಬಣ್ಣವನ್ನು ಹಸಿ ಸುಣ್ಣ ಕುಡಿಯುತ್ತದೆ. ಒಣಗುವಾಗ ಸುಣ್ಣ ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅಂದು ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಮೆತ್ತಬೇಕು. ಆ ತುಂಡಿಗೆ ಇಟಲಿಯವರು ಜೋರ್ನಾತಾ ಎನ್ನುತ್ತಾರೆ, ಒಂದು ದಿನದ ಕೆಲಸ ಎಂದು ಅರ್ಥ. ಹತ್ತಿರ ನಿಂತು ಓರೆಯಾಗಿ ಬೆಳಕು ಬಿಟ್ಟರೆ ತುಂಡುಗಳ ಅಂಚು ಕಾಣುತ್ತದೆ. ಆಕಾಶಕ್ಕೆ ದೊಡ್ಡ ತುಂಡು, ಮುಖಕ್ಕೆ ಚಿಕ್ಕದು. ಏಳುನೂರು ವರ್ಷದ ಹಿಂದಿನ ಮೇಸ್ತ್ರಿಯ ದಿನಚರಿ ಗೋಡೆಯ ಮೇಲೆಯೇ ಇರುತ್ತದೆ. ಜೊತ್ತೊ ಬಳಸಿದ ನೀಲಿ ಹಸಿ ಸುಣ್ಣದೊಂದಿಗೆ ಹೊಂದದ ಕಾರಣ ಅದನ್ನು ಗಾರೆ ಒಣಗಿದ ಮೇಲೆ ಹಚ್ಚಿದರು, ಅದಕ್ಕೇ ಪಾದುವದಲ್ಲಿ ಮರಿಯಳ ನೀಲಿ ಬಟ್ಟೆ ಅಲ್ಲಲ್ಲಿ ಉದುರಿಹೋಗಿದೆ, ಪಕ್ಕದ ಕೆಂಪು ಗಟ್ಟಿಯಾಗಿ ನಿಂತಿದೆ.

ಲಿಯೊನಾರ್ಡೊಗೆ ಈ ಅವಸರ ಆಗಿಬರಲಿಲ್ಲ. ಬರೆದದ್ದನ್ನು ಮತ್ತೆ ಮತ್ತೆ ತಿದ್ದುವ ಆಸೆಯಿಂದ "ಕೊನೆಯ ಭೋಜನ"ವನ್ನು ಒಣ ಗೋಡೆಯ ಮೇಲೆ ಬರೆದ. 1498ರ ಸುಮಾರಿಗೆ ಮುಗಿಸಿದ, ಅವನು ಬದುಕಿರುವಾಗಲೇ ಹಕ್ಕಳೆ ಏಳತೊಡಗಿತು. 1652ರಲ್ಲಿ ಮಠದವರು ಅಡುಗೆಮನೆಗೆ ದಾರಿ ಬೇಕೆಂದು ಅದೇ ಗೋಡೆಯಲ್ಲಿ ಬಾಗಿಲು ಕೊರೆದರು, ಯೇಸುವಿನ ಪಾದಗಳೇ ಹೋದವು.

ಸಿಸ್ಟೈನ್ ಛಾವಣಿಯ ವಿಷಯ ಇನ್ನೊಂದು. 1508ರಿಂದ 1512ರವರೆಗೆ ಮೈಕೆಲೆಂಜಲೊ ಅದನ್ನು ಅಂಗಾತ ಮಲಗಿ ಬರೆದ ಎಂದು ನಂಬಿದವರು ಬಹಳ. ಅವನು ನಿಂತೇ ಬರೆದ. ಗೆಳೆಯನಿಗೆ ಬರೆದ ಪದ್ಯವೊಂದರಲ್ಲಿ ಗಂಟಲಿಗೆ ಗಳಗಂಡ ಬಂದಿದೆ, ಗಡ್ಡ ಆಕಾಶ ನೋಡುತ್ತಿದೆ, ಕುಂಚದಿಂದ ತೊಟ್ಟಿಕ್ಕಿದ ಬಣ್ಣದಿಂದ ಮುಖ ಚಿತ್ತಾರದ ನೆಲದಂತಾಗಿದೆ ಎಂದು ಗೊಣಗಿದ್ದಾನೆ, ಪಕ್ಕದಲ್ಲಿ ಕತ್ತು ಮೇಲೆತ್ತಿ ನಿಂತ ತನ್ನದೇ ಚಿಕ್ಕ ಚಿತ್ರ ಗೀಚಿದ್ದಾನೆ. ಛಾವಣಿಯ ಕೆಲಸ ಮಾಡಿದ ಯಾರಿಗೇ ಆಗಲಿ ಆ ಪದ್ಯ ಅರ್ಥವಾಗುತ್ತದೆ. ನನ್ನ ಕತ್ತಿನ ಪಟ್ಟಿ ಇನ್ನೂ ಬೀರುವಿನಲ್ಲಿದೆ.

ಆ ಛಾವಣಿಯ ಬಣ್ಣ ಮಂಕು, ಗಂಭೀರ, ಕಲ್ಲಿನ ಶಿಲ್ಪದಂತೆ ಎಂದು ತಲೆಮಾರುಗಳವರೆಗೆ ಪಾಠ ಹೇಳಿದರು. 1980ರಿಂದ 1989ರವರೆಗೆ ತೊಳೆದು ನೋಡಿದರೆ ಮಾವಿನ ಹಳದಿ, ಎಳೆ ಹಸಿರು, ತಿಳಿ ನೇರಳೆ! ಆ ಗಾಂಭೀರ್ಯದಲ್ಲಿ ಬಹುಪಾಲು ಮೇಣದಬತ್ತಿಯ ಮಸಿ ಮತ್ತು ಹಳೆಯ ಅಂಟಿನದು. ಒಣಗಿದ ಮೇಲೆ ಗುರುಗಳು ತಾವೇ ಹಚ್ಚಿದ ನೆರಳುಗಳೂ ಮಸಿಯೊಂದಿಗೆ ಹೋದವು ಎಂದು ಆಗ ದೊಡ್ಡ ಜಗಳವೇ ಆಯಿತು. ಆದರೂ ಕೇಳುತ್ತೇನೆ: ನಾವು ಶೈಲಿ ಎನ್ನುವುದರಲ್ಲಿ ಎಷ್ಟು ಭಾಗ ಹೊಗೆ?

ಎಣ್ಣೆಬಣ್ಣ ಬಂದ ಮೇಲೆ ಅವಸರ ಹೋಯಿತು. ಅದನ್ನು ಕಂಡುಹಿಡಿದವನು ಯಾನ್ ವಾನ್ ಐಕ್.

ಕಡತಪ್ರಿಯ

ಕೊನೆಯ ಸಾಲು ತಪ್ಪು ಸರ್. ಅದು ಕೂಡ ವಸಾರಿ ಹಬ್ಬಿಸಿದ ಸುದ್ದಿ. ಅಗಸೆ ಎಣ್ಣೆಯಲ್ಲಿ ಬಣ್ಣ ಅರೆಯುವ ವಿಧಾನವನ್ನು ಹನ್ನೆರಡನೆಯ ಶತಮಾನದಲ್ಲೇ ಥಿಯೋಫಿಲಸ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ ಏಳನೆಯ ಶತಮಾನದ ಬೌದ್ಧ ಚಿತ್ರಗಳಲ್ಲೂ ಒಣಗುವ ಎಣ್ಣೆ ಇರುವುದು 2008ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿಯಿತು.

ವಾನ್ ಐಕನ ಹೆಚ್ಚುಗಾರಿಕೆ ಬೇರೆ. ಎಣ್ಣೆಬಣ್ಣವನ್ನು ಗಾಜಿನಷ್ಟು ತೆಳುವಾಗಿ ಪದರದ ಮೇಲೆ ಪದರ ಹಚ್ಚಿದ. ಬೆಳಕು ಒಳಗೆ ಹೋಗಿ ತಳದ ಬಿಳುಪಿಗೆ ತಾಗಿ ಹಿಂದಿರುಗುತ್ತದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 1434ರ ಅರ್ನೊಲ್ಫಿನಿ ದಂಪತಿಯ ಚಿತ್ರ ಕೇವಲ 82 ಸೆಂಟಿಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲ. ಹಿಂಬದಿ ಗೋಡೆಯಲ್ಲಿ ಉಬ್ಬುಗನ್ನಡಿ. ಅದರೊಳಗೆ ದಂಪತಿಯ ಬೆನ್ನು, ಬಾಗಿಲಲ್ಲಿ ನಿಂತ ಇನ್ನಿಬ್ಬರು. ಕನ್ನಡಿಯ ಚೌಕಟ್ಟಿನ ಹತ್ತು ಪುಟ್ಟ ಬಿಲ್ಲೆಗಳಲ್ಲಿ ಯೇಸುವಿನ ಕೊನೆಯ ದಿನಗಳ ಕಥೆ, ಒಂದೊಂದೂ ಉಗುರಿನಷ್ಟು. ಮೇಲೆ ಗೋಡೆಯಲ್ಲಿ ಲ್ಯಾಟಿನ್ ಬರಹ: ಯಾನ್ ವಾನ್ ಐಕ್ ಇಲ್ಲಿದ್ದ, 1434. ನಮ್ಮ ಕೋಟೆಗಳ ಗೋಡೆಯಲ್ಲಿ ಹೆಸರು ಕೊರೆಯುವವರು ಇವನ ವಂಶದವರೇ ಇರಬೇಕು. ಅಂದ ಹಾಗೆ, ಈತ ರೆನೆಸಾನ್ಸೋ, ಕೊನೆಗಾಲದ ಗಾಥಿಕ್ಕೋ? ಎರಡೂ ಅಧ್ಯಾಯಗಳಲ್ಲಿ ಇವನನ್ನು ನೋಡಿದ್ದೇನೆ.

ಸುಣ್ಣದ ಗೋಡೆ

ಒಪ್ಪಿದೆ, ತಿದ್ದಿಕೊಂಡೆ. ಒಂದು ಮರೆತಿದ್ದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡದವರು ಒಮ್ಮೆ ನೋಡಿ. ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಜೆಸ್ಯೂಟ್ ಸಹೋದರ 1899ರಿಂದ ಎರಡು ವರ್ಷ ಕೆಲಸ ಮಾಡಿ ಗೋಡೆಗೆ ಫ್ರೆಸ್ಕೊ, ಛಾವಣಿಗೆ ಕ್ಯಾನ್‌ವಾಸಿನ ಮೇಲೆ ಎಣ್ಣೆಬಣ್ಣ ಹಚ್ಚಿದ. ಅದೇ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಸೆಜಾನ್ ಬೆಟ್ಟವನ್ನು ಬಣ್ಣದ ಚೌಕಗಳಾಗಿ ಒಡೆಯುತ್ತಿದ್ದ. ಇಲ್ಲಿ ಕರಾವಳಿಯ ಸೆಕೆಯಲ್ಲಿ ಬರೋಕ್ ಕಾಲದ ರೀತಿಯಲ್ಲಿ ದೇವದೂತರು ಹಾರುತ್ತಿದ್ದರು.

ಡಚ್ಚರ ನೆರೆಯವ

ಆಮ್‌ಸ್ಟರ್‌ಡಾಮಿನಲ್ಲಿ ಹನ್ನೊಂದು ವರ್ಷಗಳಿಂದ ಇರುವ ಧಾರವಾಡದವನು. ಮಸಿಯ ಮಾತು ಬಂತಲ್ಲ, ಅದಕ್ಕೆ ಇಲ್ಲಿನ ಉದಾಹರಣೆ. ಊರಿನಿಂದ ಯಾರು ಬಂದರೂ ರೈಕ್ಸ್ ಮ್ಯೂಸಿಯಮ್ಮಿಗೆ ಕರೆದೊಯ್ದು ರೆಂಬ್ರಾಂಟನ "ರಾತ್ರಿಗಾವಲು" ತೋರಿಸುತ್ತೇನೆ. ಅದು ರಾತ್ರಿಯೂ ಅಲ್ಲ, ಸರಿಯಾಗಿ ನೋಡಿದರೆ ಗಾವಲೂ ಅಲ್ಲ. 1642ರಲ್ಲಿ ನಗರ ರಕ್ಷಕದಳವೊಂದು ಹಗಲಿನಲ್ಲಿ ಹೊರಡುವ ಚಿತ್ರ. ಮೇಲಿನ ವಾರ್ನಿಷ್ ಕಪ್ಪಾಗಿ, ಅದರ ಮೇಲೆ ಕೊಳೆ ಕುಳಿತು, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಜನ ಅದನ್ನು ರಾತ್ರಿ ಎಂದುಕೊಂಡರು. ನಾಯಕನ ಚಾಚಿದ ಕೈಯ ನೆರಳು ಪಕ್ಕದ ಉಪನಾಯಕನ ಹಳದಿ ಕೋಟಿನ ಮೇಲೆ ಬಿದ್ದಿರುವುದನ್ನು ನೋಡಿ. ಬಿಸಿಲಿಲ್ಲದೆ ಅಂಥ ನೆರಳು ಎಲ್ಲಿಂದ ಬರಬೇಕು?

ಚಿತ್ರದಲ್ಲಿರುವವರು ತಲಾ ಸುಮಾರು ನೂರು ಗಿಲ್ಡರ್ ಕೊಟ್ಟಿದ್ದರು, ಮುಖ ಕಾಣುವ ಜಾಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ. 1715ರಲ್ಲಿ ಪುರಭವನಕ್ಕೆ ಸಾಗಿಸಿದಾಗ ಎರಡು ಬಾಗಿಲುಗಳ ನಡುವೆ ಹಿಡಿಸಲಿಲ್ಲವೆಂದು ನಾಲ್ಕೂ ಬದಿ ಕತ್ತರಿಸಿದರು. ಎಡಬದಿಯಲ್ಲಿದ್ದ ಇಬ್ಬರು ಅಲ್ಲಿಗೇ ಹೋದರು. ದುಡ್ಡು ಕೊಟ್ಟರೂ ಚಿತ್ರದಲ್ಲಿ ಉಳಿಯುವ ಖಾತ್ರಿ ಇಲ್ಲ ನೋಡಿ.

ನಮಗೆ ಹತ್ತಿರದ ಮಾತೊಂದು: 1656ರಲ್ಲಿ ದಿವಾಳಿಯಾದ ಅದೇ ರೆಂಬ್ರಾಂಟ್, ಆ ಆಸುಪಾಸಿನ ವರ್ಷಗಳಲ್ಲಿ ಮೊಘಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ಏಷ್ಯಾದ ಕಾಗದದ ಮೇಲೆ ಇಪ್ಪತ್ತಕ್ಕೂ ಹೆಚ್ಚು ನಕಲು ತೆಗೆದ. ಷಾಜಹಾನನೂ ಇದ್ದಾನೆ. ದಪ್ಪ ಎಣ್ಣೆಬಣ್ಣ ಮೆತ್ತುವವನು ಅಲ್ಲಿ ಕೂದಲೆಳೆಯಂಥ ಗೆರೆ ಎಳೆದಿದ್ದಾನೆ. ಬರೋಕ್ ಪೆಟ್ಟಿಗೆಯಲ್ಲಿ ಅದನ್ನು ಹೇಗೆ ಇಡುತ್ತೀರಿ?

ಬಾಲ್ಕನಿ ಸೀಟು

ಇದನ್ನೇ ನಾನು ಹೇಳುತ್ತಿರುವುದು. ಹೆಸರು ಬೈಗುಳದಿಂದ, ಬಣ್ಣ ಮಸಿಯಿಂದ, ಅಳತೆ ಕತ್ತರಿಯಿಂದ. ಗ್ರೀಕ್ ಶಿಲ್ಪಗಳನ್ನೇ ನೋಡಿ. ಕೆಂಪು ನೀಲಿ ಬಳಿದು ನಿಲ್ಲಿಸಿದ್ದರು, ಮಣ್ಣಿನಲ್ಲಿ ಹೂತು ಬಣ್ಣ ಹೋಯಿತು. ಬಿಳಿಯನ್ನು ಕಂಡು ಹದಿನೆಂಟನೆಯ ಶತಮಾನದವರು ಶುದ್ಧ, ಶಾಂತ, ಉದಾತ್ತ ಎಂದು ಕೊಂಡಾಡಿದರು. ಅದರ ಮೇಲೆ ನಿಯೋಕ್ಲಾಸಿಸಂ ಎಂಬ ಬಿಳಿ ಕಟ್ಟಡವನ್ನೇ ಎಬ್ಬಿಸಿದರು.

ಇಸವಿಗಳೂ ಅಷ್ಟೆ. ನಿಯೋಕ್ಲಾಸಿಸಂನ ಕೊನೆಯ ದೊಡ್ಡ ಯಜಮಾನ ಆ್ಯಂಗ್ರ್ ತೀರಿಕೊಂಡದ್ದು 1867ರಲ್ಲಿ. ಮಾನೆ (ಮೊನೆ ಅಲ್ಲ, ಬೇರೆಯವ) ತನ್ನ "ಒಲಿಂಪಿಯಾ" ತೂಗುಹಾಕಿ ಪ್ಯಾರಿಸ್ಸಿನಿಂದ ಬೈಸಿಕೊಂಡದ್ದು 1865ರಲ್ಲಿ. ಹಾಳೆಯಲ್ಲಿ ಮೂರು "ಯುಗ" ದೂರ ಇರುವವರು ಒಂದೇ ಊರಿನ ಬೀದಿಯಲ್ಲಿ ಎದುರಾಗಬಹುದಿತ್ತು. ಈ ಕಾಲರೇಖೆಯನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಇಡಿ ಮೇಡಂ.

ಕಡತಪ್ರಿಯ

ಇದು ಅತಿಯಾಯಿತು. ಪಂಪ 941ರಲ್ಲಿ ಬರೆಯುವಾಗ ತನ್ನದು ಪುಲಿಗೆರೆಯ ತಿರುಳ್ಗನ್ನಡ ಎಂದುಕೊಂಡಿದ್ದನೇ ಹೊರತು "ಹಳಗನ್ನಡ" ಎಂದಲ್ಲ. ಯಾರೂ ಒಂದು ಬೆಳಗ್ಗೆ ಎದ್ದು ಇಂದಿನಿಂದ ನಡುಗನ್ನಡ ಎಂದು ಡಂಗುರ ಸಾರಲಿಲ್ಲ. ಹಾಗೆಂದು ಹಳಗನ್ನಡ, ನಡುಗನ್ನಡ ಎಂಬ ಮಾತುಗಳನ್ನು ಬಿಡುತ್ತೇವೆಯೇ? ಎರಡು ಸಾಲು ಕೇಳಿದರೆ ಕಿವಿಗೆ ಗೊತ್ತಾಗುತ್ತದೆ. ಕಣ್ಣಿಗೂ ಹಾಗೆಯೇ.

ರೋಮಿನ ಸಾನ್ ಲುಯಿಜಿ ಚರ್ಚಿನಲ್ಲಿ ಕಾರವಾಜ್ಜೊ 1600ರಲ್ಲಿ ಮುಗಿಸಿದ "ಮತ್ತಾಯನಿಗೆ ಕರೆ" ಇದೆ. ಹೆಂಡದಂಗಡಿಯಂಥ ಕೋಣೆ, ಮೇಜಿನ ಮೇಲೆ ಚಿಲ್ಲರೆ ಎಣಿಸುವ ಸುಂಕದವರು, ಬಲಗಡೆಯಿಂದ ಓರೆಯಾಗಿ ಬಿದ್ದ ಬೆಳಕು. ಯೇಸುವನ್ನು ಹುಡುಕಬೇಕು, ಅರ್ಧ ಕತ್ತಲಲ್ಲಿದ್ದಾನೆ. ರಫಾಯೆಲ್ ಆಗಿದ್ದರೆ ಅವನನ್ನು ನಟ್ಟನಡುವೆ ನಿಲ್ಲಿಸುತ್ತಿದ್ದ, ಎಲ್ಲರ ಕೈಕಾಲು ಲಯಕ್ಕೆ ಕೂರುತ್ತಿದ್ದವು. ಎಂಬತ್ತು ವರ್ಷಗಳಲ್ಲಿ ಏನೋ ಆಗಿದೆ. ಏನು? 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಚರ್ಚಿನ ಚಿತ್ರಗಳು ಸಾಮಾನ್ಯರಿಗೆ ತಿಳಿಯುವಂತಿರಬೇಕು, ಭಕ್ತಿ ಹುಟ್ಟಿಸಬೇಕು ಎಂದು ನಿಯಮ ಮಾಡಿತು. ಪ್ರೊಟೆಸ್ಟಂಟರ ಕಡೆಗೆ ಸರಿದ ಜನರನ್ನು ಮರಳಿ ಕರೆಯುವ ತುರ್ತು ಇತ್ತು. ಆ ಬದಲಾವಣೆಗೆ ಒಂದು ಹೆಸರು ಬೇಕು. ಅದು ಡೊಂಕು ಮುತ್ತು ಎಂದಾದರೂ ಇರಲಿ.

ಆ ನಿಯಮದ ಬಿಸಿ ಹೇಗಿತ್ತು ಎಂದರೆ, 1573ರಲ್ಲಿ ವೆನಿಸಿನ ವೆರೊನೇಸೆ ಸುಮಾರು ಹದಿಮೂರು ಮೀಟರ್ ಅಗಲದ ಕೊನೆಯ ಭೋಜನ ಬರೆದು ಧರ್ಮವಿಚಾರಣೆಗೆ ಸಿಕ್ಕಿಬಿದ್ದ. ಯೇಸುವಿನ ಊಟದಲ್ಲಿ ವಿದೂಷಕ ಯಾಕೆ, ಮೂಗಿನಿಂದ ರಕ್ತ ಸುರಿಯುವ ಆಳು ಯಾಕೆ, ಜರ್ಮನ್ ಸಿಪಾಯಿಗಳು ಯಾಕೆ ಎಂದು ಕೇಳಿದರು. ಕವಿಗಳಿಗೂ ಹುಚ್ಚರಿಗೂ ಇರುವ ಸಲುಗೆ ಚಿತ್ರಕಾರರಿಗೂ ಇದೆ ಎಂದ. ಮೂರು ತಿಂಗಳಲ್ಲಿ ಚಿತ್ರ ತಿದ್ದು ಎಂದರು. ಅವನು ಚಿತ್ರವನ್ನು ಮುಟ್ಟದೆ ಹೆಸರು ಬದಲಿಸಿದ: "ಲೇವಿಯ ಮನೆಯ ಔತಣ". ಬಾಲ್ಕನಿಯವರೇ, ಹೆಸರಿನಿಂದ ಇಂಥ ಉಪಕಾರವೂ ಆಗುತ್ತದೆ.

ಬಾಲ್ಕನಿ ಸೀಟು

ಪಂಪನನ್ನು ಕರೆತಂದರೆ ನಾನು ಸೋತ ಹಾಗೆಯೇ. ಸರಿ, ಬೀರುವಿನಿಂದ ಕೆಳಗಿಳಿಸಿ. ಆದರೆ ಪ್ರತಿ ಹೆಸರಿನ ಕೆಳಗೆ ಎರಡು ಪ್ರಶ್ನೆ ಬರೆಸಿ: ದುಡ್ಡು ಕೊಟ್ಟವರು ಯಾರು, ಬಣ್ಣ ಎಲ್ಲಿಂದ ಬಂತು. 1485ರಲ್ಲಿ ಫ್ಲಾರೆನ್ಸಿನ ಅನಾಥಾಲಯವೊಂದು ಗಿರ್ಲಂದಾಯೊನ ಜೊತೆ ಮಾಡಿಕೊಂಡ ಕರಾರಿನಲ್ಲಿ ನೀಲಿಯು ಔನ್ಸಿಗೆ ಸುಮಾರು ನಾಲ್ಕು ಫ್ಲಾರಿನ್ ಬೆಲೆಯ ಅಲ್ಟ್ರಾಮರೀನ್ ಆಗಿರಬೇಕು ಎಂದಿದೆ. ಅದು ಅಫ್ಘಾನಿಸ್ತಾನದ ಬದಖ್ಶಾನದ ಗಣಿಯ ಲಾಜವರ್ದ ಎಂಬ ನೀಲಿ ಕಲ್ಲು. ಒಡವೆಗೆ ಚಿನ್ನದ ಕ್ಯಾರೆಟ್ ಕೇಳುವ ಹಾಗೆ ಮರಿಯಳ ಸೆರಗಿಗೆ ನೀಲಿಯ ದರ್ಜೆ ಕೇಳುತ್ತಿದ್ದರು.

ಮೂರೂವರೆ ಶತಮಾನ ಮುಂದೆ ಬನ್ನಿ. 1841ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ, ಬೇಕೆನಿಸಿದಾಗ ಚುಚ್ಚಿ ಹಿಂಡುತ್ತಿದ್ದರು. ಟ್ಯೂಬು ಬಂತು, ರೈಲು ಬಂತು, ಚಿತ್ರಕಾರ ಬಯಲಿಗೆ ಹೊರಟ. ಮೊನೆ 1870ರಲ್ಲಿ ತ್ರುವಿಲ್ ಕಡಲತೀರದಲ್ಲಿ ಹೆಂಡತಿಯನ್ನು ಕೂರಿಸಿ ಬರೆದ ಚಿಕ್ಕ ಚಿತ್ರದ ಬಣ್ಣದೊಳಗೆ ಇಂದಿಗೂ ಮರಳಿನ ಕಣಗಳಿವೆ. ಅಂದಿನ ಗಾಳಿ ತಂದು ಎರಚಿದ್ದು. ಇಂಪ್ರೆಷನಿಸಂ ಎಂದರೇನು ಎಂದು ಮಕ್ಕಳು ಕೇಳಿದರೆ ಆ ಮರಳನ್ನು ಹೇಳಿ ಮೇಡಂ.

ಬಣ್ಣದ ಪೆಟ್ಟಿಗೆ

ಎಲ್ಲರಿಗೂ ವಂದನೆಗಳು. ಎರಡು ದಿನ ಇದನ್ನೆಲ್ಲ ಓದಿ ಮಾಡಿದ್ದು ಇಷ್ಟು: ನಿಂತ ಗೆರೆಗಳನ್ನು ಬಿಟ್ಟೆ. ಒಂದೊಂದು ಶೈಲಿಗೆ ಒಂದೊಂದು ಬಣ್ಣದ ಗ್ಲೇಜ್ ಕಾಗದದ ಪಟ್ಟಿ ಕತ್ತರಿಸಿ, ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬರುವಂತೆ ಅಂಟು ಬಳಿದು ಕೂರಿಸುತ್ತಿದ್ದೇನೆ. ಗಾಥಿಕ್ ಪಟ್ಟಿ ಮಿಲಾನಿನವರೆಗೆ ಬಂತು, ಅದರ ಬಾಲ 1880ರ ಕಲೋನ್‌ವರೆಗೆ ಸಣ್ಣ ದಾರವಾಗಿ ಎಳೆದಿದ್ದೇನೆ, ಗಾರೆ ಕೆಲಸ ಸರ್ ಅವರಿಗಾಗಿ. ಮೊಸ್ಕೇನಿ ಸಹೋದರನಿಗೆ ಹಾಳೆಯ ಕೆಳಗೆ ಪ್ರತ್ಯೇಕ ಚೀಟಿ. ಮಂಗಳೂರಿಗೆ ಪ್ರವಾಸ ಕೇಳಿ ಮುಖ್ಯೋಪಾಧ್ಯಾಯರ ಹಿಂದೆ ಬಿದ್ದಿದ್ದೇನೆ.

ಹಿಂದಿನ ಬೆಂಚಿನ ಹುಡುಗನೊಬ್ಬ ರಾತ್ರಿಗಾವಲಿನ ಮುದ್ರಿತ ಪ್ರತಿಯಲ್ಲಿ ಆ ಕೈಯ ನೆರಳನ್ನು ನಾನು ಹೇಳುವ ಮೊದಲೇ ಕಂಡುಹಿಡಿದ. ಬೆಳಕು ಎಡಗಡೆಯಿಂದ, ಸಾಯಂಕಾಲ ಅಥವಾ ಬೆಳಗ್ಗೆ ಎಂದು ತೀರ್ಪು ಕೊಟ್ಟ.

ಈಗ ಸ್ಪೇನಿನ ಚಿತ್ರಕಾರ ಗೋಯಾನಲ್ಲಿ ಸಿಕ್ಕಿಕೊಂಡಿದ್ದೇನೆ. ಒಂದು ಪುಸ್ತಕದಲ್ಲಿ ರೊಕೊಕೊ, ಇನ್ನೊಂದರಲ್ಲಿ ರೊಮ್ಯಾಂಟಿಕ್, ಮತ್ತೊಂದರಲ್ಲಿ ಆಧುನಿಕರಿಗೆ ಮೊದಲಿಗ. ಯಾವ ಬಣ್ಣದ ಪಟ್ಟಿಗೆ ಅಂಟಿಸಲಿ?

ಕಡತಪ್ರಿಯ

ಮೂರಕ್ಕೂ. 1775ರಿಂದ ಅರಮನೆಯ ಗೋಡೆತೆರೆಗಳಿಗೆ ಕೊಡೆ ಹಿಡಿದ ಹುಡುಗಿಯರನ್ನೂ ಕಣ್ಣಾಮುಚ್ಚಾಲೆ ಆಡುವವರನ್ನೂ ಬರೆದ. ಅದು ರೊಕೊಕೊ. 1793ರ ಹೊತ್ತಿಗೆ ಕಾಯಿಲೆಯಿಂದ ಕಿವಿ ಪೂರ್ತಿ ಹೋಯಿತು. 1814ರಲ್ಲಿ ಬರೆದದ್ದು ನೆಪೋಲಿಯನ್ನನ ಸೈನಿಕರ ಬಂದೂಕಿನ ಮುಂದೆ ಬಿಳಿ ಅಂಗಿಯವನೊಬ್ಬ ಎರಡೂ ಕೈ ಎತ್ತಿ ನಿಂತ ಚಿತ್ರ. ಎಪ್ಪತ್ತು ದಾಟಿದ ಮೇಲೆ ಮ್ಯಾಡ್ರಿಡ್ ಹೊರವಲಯದ ತನ್ನ ಮನೆಯ ಗೋಡೆಗಳಿಗೆ ಯಾರಿಗೂ ತೋರಿಸುವ ಉದ್ದೇಶವಿಲ್ಲದ ಹದಿನಾಲ್ಕು ಕಪ್ಪು ಚಿತ್ರ ಬರೆದ. ಆ ಮನೆಗೆ ಕಿವುಡನ ಮನೆ ಎಂದು ಹೆಸರು, ಅದೂ ಇವನಿಂದ ಬಂದದ್ದಲ್ಲ, ಹಿಂದಿದ್ದ ಕಿವುಡ ಮಾಲೀಕನಿಂದ.

ಸುಣ್ಣದ ಗೋಡೆ

ಅವು ಗಾರೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದವು. 1874ರಿಂದ ಗೋಡೆಯಿಂದ ಸುಲಿದು ಕ್ಯಾನ್‌ವಾಸಿಗೆ ದಾಟಿಸಿದರು, ಸಾಕಷ್ಟು ಬಣ್ಣ ಹೋಯಿತು. ಇಂದು ನಾವು ನೋಡುವುದರಲ್ಲಿ ದುರಸ್ತಿಯವರ ಕೈಯೂ ಇದೆ. ಅಂಟಿಸುವಾಗ ಅಂಚುಗಳಿಗೆ ಅಂಟು ಹೆಚ್ಚು ಹಾಕಿ ಮೇಡಂ, ಗ್ಲೇಜ್ ಕಾಗದ ಮಳೆಗಾಲದಲ್ಲಿ ಸುರುಳಿಯಾಗಿ ಏಳುತ್ತದೆ.

ಬಣ್ಣದ ಪೆಟ್ಟಿಗೆ

ಹಾಗಾದರೆ ಕಪ್ಪು ಗ್ಲೇಜ್ ಕಾಗದವೂ ಬೇಕು, ನನ್ನ ಬಳಿ ಇಲ್ಲ. ಸ್ಟೇಷನರಿ ಅಂಗಡಿ ಎಂಟು ಗಂಟೆಗೆ ಮುಚ್ಚುತ್ತದೆ, ಹೋಗಿ ಬರುತ್ತೇನೆ.